ಇದನ್ನೆಲ್ಲ ಒರೆಸೋರು ಯಾರು? ಲಂಡನ್ನಿನ ಒಂದು ಟೆರೇಸ್ ಮನೆಯ ಕಥೆ

"ನಾಳೆ ಒಂದು ಟೆರೇಸ್ ಮನೆ ನೋಡೋಕೆ ಹೋಗೋಣ ಅತ್ತೆ" ಎಂದೆ. ಅತ್ತೆ ತೀರ್ಥಹಳ್ಳಿ ಕಡೆಯಿಂದ ಲಂಡನ್ನಿಗೆ ಬಂದು ಎರಡು ವಾರವಾಗಿತ್ತು. ಅರಮನೆ, ಸೇತುವೆ, ಮ್ಯೂಸಿಯಂ ಎಲ್ಲ ಮುಗಿದಿತ್ತು.

"ತಾರಸಿ ಹತ್ತಿ ನೋಡೋದೇನಿದೆಯೇ? ಬಟ್ಟೆ ಒಣಗಿ ಹಾಕಿರ್ತಾರೆ ಅಷ್ಟೆ" ಎಂದರು.

ತಪ್ಪು ಅವರದಲ್ಲ. ನಮಗೆ ಟೆರೇಸ್ ಅಂದರೆ ಮನೆಯ ಮೇಲಿನ ತಾರಸಿ. ಸಂಡಿಗೆ ಒಣಗಿಸುವ, ಸಿಂಟೆಕ್ಸ್ ಟ್ಯಾಂಕ್ ಇಡುವ ಜಾಗ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಟೆರೇಸ್ ಅಂದರೆ ಒಂದಕ್ಕೊಂದು ಅಂಟಿಕೊಂಡು, ಒಂದೇ ಮುಖ ಹೊತ್ತು ನಿಂತ ಮನೆಗಳ ಸಾಲು. ಎಡಗೋಡೆ ಎಡಗಡೆಯವರ ಜೊತೆ ಪಾಲು, ಬಲಗೋಡೆ ಬಲಗಡೆಯವರ ಜೊತೆ ಪಾಲು. ನಮ್ಮ ಹಳೇ ಅಗ್ರಹಾರಗಳಲ್ಲಿ ಇಂಥ ಸಾಲುಮನೆ ನೋಡಿರುತ್ತೀರಿ. ಆದರೆ ನಮ್ಮ ಸಾಲುಮನೆ ಉದ್ದಕ್ಕೆ, ಹಿತ್ತಲ ಕಡೆಗೆ ಬೆಳೆಯುತ್ತೆ. ಲಂಡನ್ನಿನದು ಮೇಲಕ್ಕೆ ಬೆಳೆಯುತ್ತೆ. ಇಷ್ಟು ತಿಳಿದುಕೊಂಡರೆ ಅರ್ಧ ತಿಳಿದ ಹಾಗೆ. ಉಳಿದರ್ಧ ಅತ್ತೆ ಕೇಳಿದ ಒಂದು ಪ್ರಶ್ನೆಯಲ್ಲಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ ಬಂತೆಂದರೆ ಹಳೇ ಮನೆಗಳ ಬಾಗಿಲು ತೆರೆಯುವ ಹಂಗಾಮು. ಲಂಡನ್ನಿನ 'ಓಪನ್ ಹೌಸ್' ಹಬ್ಬ 1992ರಿಂದ ನಡೆಯುತ್ತಿದೆ. ದೇಶದ ಉಳಿದ ಕಡೆ 1994ರಲ್ಲಿ 'ಹೆರಿಟೇಜ್ ಓಪನ್ ಡೇಸ್' ಶುರುವಾಯಿತು. ಬೇರೆ ದಿನ ಹೊರಗಿನಿಂದಷ್ಟೇ ನೋಡಬೇಕಾದ ಎಷ್ಟೋ ಕಟ್ಟಡಗಳೊಳಗೆ ಆಗ ಪುಕ್ಕಟೆಯಾಗಿ ಹೋಗಿ ಬರಬಹುದು. ನಾನು ಅತ್ತೆಯನ್ನು ಕರೆದುಕೊಂಡು ಹೋದದ್ದು ಹಬ್ಬಕ್ಕಾಗಿ ಕಾಯಬೇಕಿಲ್ಲದ ಒಂದು ಮನೆಗೆ. ಕೆನ್ಸಿಂಗ್ಟನ್‌ನ 18, ಸ್ಟಾಫರ್ಡ್ ಟೆರೇಸ್. ಈಗ ಅದರ ಹೆಸರು ಸ್ಯಾಂಬೋರ್ನ್ ಹೌಸ್. ಟಿಕೆಟ್ ತೆಗೆದುಕೊಂಡು ನೋಡುವ ಮ್ಯೂಸಿಯಂ.

ಒಳಗೆ ಹೋಗುವ ಮೊದಲು ಎದುರುಗಡೆಯ ಫುಟ್‌ಪಾತಿನಲ್ಲಿ ನಿಂತು ಒಂದು ನಿಮಿಷ ಮೇಲೆ ಕೆಳಗೆ ನೋಡಿ. ಟೆರೇಸ್ ಮನೆ ಅರ್ಥವಾಗುವುದು ಹೊರಗಿನಿಂದಲೇ.

ಮೊದಲು ಅಗಲ. ಇಂಥ ಮನೆಗಳ ಮುಂಭಾಗ ಸಾಮಾನ್ಯವಾಗಿ ಹದಿನಾರರಿಂದ ಇಪ್ಪತ್ತು ಅಡಿ. ಬೆಂಗಳೂರಿನ ಇಪ್ಪತ್ತು-ಮೂವತ್ತರ ಸೈಟು ನೆನಪಾಗುತ್ತೆ ಅಲ್ವಾ? ಕಾರಣವೂ ಅದೇ. ರಸ್ತೆ ಕಡೆ ಮುಖವಿರುವ ಜಾಗಕ್ಕೆ ಬೆಲೆ ಜಾಸ್ತಿ. ಹಾಗಾಗಿ ಒಂದೊಂದು ಮನೆಗೂ ಸಪೂರ ಪಟ್ಟಿ. ಅದೇ ಪಟ್ಟಿಯ ಮೇಲೆ ನಾಲ್ಕೈದು ಅಂತಸ್ತು ಪೇರಿಸುವುದು.

ಆಮೇಲೆ ಕಿಟಕಿ. ನೆಲಮಹಡಿ ಮತ್ತು ಮೊದಲ ಮಹಡಿಯ ಕಿಟಕಿಗಳು ಎತ್ತರ. ಮೇಲೆ ಹೋಗುತ್ತಾ ಹೋಗುತ್ತಾ ಕಿಟಕಿ ಗಿಡ್ಡವಾಗುತ್ತೆ. ಸೂರೂ ತಗ್ಗುತ್ತೆ. ಇದು ಅಂದಕ್ಕೆ ಅಂತ ಮಾತ್ರ ಮಾಡಿದ್ದಲ್ಲ. ಎತ್ತರದ ಕಿಟಕಿ ಇದ್ದಲ್ಲಿ ಅತಿಥಿಗಳು ಕೂರುತ್ತಾರೆ. ಅದರ ಮೇಲೆ ಯಜಮಾನರು ಮಲಗುತ್ತಾರೆ. ತುದಿಯ ಗಿಡ್ಡ ಕಿಟಕಿಯ ಹಿಂದೆ ಮಕ್ಕಳು ಮತ್ತು ಕೆಲಸದವರು. ರಸ್ತೆಯಲ್ಲಿ ನಿಂತೇ ಮನೆಯ ಒಳಗಿನ ಅಂತಸ್ತು ಓದಬಹುದು. ಮಹಡಿಗೂ ಅಂತಸ್ತು ಅನ್ನುತ್ತೇವೆ, ಸ್ಥಾನಮಾನಕ್ಕೂ ಅಂತಸ್ತು ಅನ್ನುತ್ತೇವೆ. ಈ ಮನೆಗೆ ಎರಡೂ ಅರ್ಥ ಸರಿಯಾಗಿ ಕೂರುತ್ತವೆ.

ಇನ್ನು ಮಾಡು, ಅಂದರೆ ಮನೆಯ ಚಾವಣಿ. ಅಕ್ಕಪಕ್ಕದ ಮನೆಗಳ ನಡುವಿನ ಗೋಡೆ ಮಾಡನ್ನೂ ದಾಟಿ ಒಂದೆರಡು ಅಡಿ ಮೇಲೆದ್ದಿರುತ್ತೆ. 1666ರ ದೊಡ್ಡ ಬೆಂಕಿಯಲ್ಲಿ ಲಂಡನ್ ಸುಟ್ಟುಹೋದ ಮೇಲೆ ಬಂದ ಕಾನೂನುಗಳ ಫಲ ಅದು. ಒಂದು ಮನೆಗೆ ಹತ್ತಿದ ಬೆಂಕಿ ಮಾಡಿನ ಮರದ ಮೂಲಕ ಪಕ್ಕದ ಮನೆಗೆ ಹಾರಬಾರದು. 1774ರ ಕಟ್ಟಡ ಕಾಯ್ದೆಯಂತೂ ಮನೆಗಳನ್ನು ನಾಲ್ಕು ದರ್ಜೆ ಮಾಡಿ, ಯಾವ ದರ್ಜೆಗೆ ಗೋಡೆ ಎಷ್ಟು ದಪ್ಪ ಇರಬೇಕು ಎಂದು ಬರೆದಿಟ್ಟಿತು. ಆ ಗೋಡೆಯ ನೆತ್ತಿಯ ಮೇಲೆ ಚಿಮಣಿಗಳ ಕಂಬ. ಅದರ ತುದಿಯಲ್ಲಿ ಹೂಕುಂಡ ಬೋರಲು ಹಾಕಿದಂತೆ ಮಣ್ಣಿನ ಕೊಳವೆಗಳು. ಒಂದೊಂದು ಅಗ್ಗಿಷ್ಟಿಕೆಗೂ ಅದರದೇ ಹೊಗೆದಾರಿ, ಅದರದೇ ಕೊಳವೆ. ಕೊಳವೆ ಎಣಿಸಿದರೆ ಮನೆಯೊಳಗೆ ಎಷ್ಟು ಒಲೆ ಉರಿಯುತ್ತಿದ್ದವು ಎಂಬ ಲೆಕ್ಕ ಸುಮಾರಾಗಿ ಸಿಕ್ಕಿತು. ಇದನ್ನು ಹೇಳಿದ್ದೇ ತಡ, ಅತ್ತೆಗೆ ಅದೊಂದು ಆಟವಾಯಿತು.

ವಿಕ್ಟೋರಿಯಾ ರಾಣಿಯ ಕಾಲ 1837ರಿಂದ 1901. ಇಂಗ್ಲೆಂಡಿನ ಊರೂರಲ್ಲಿ ಈ ಸಾಲುಮನೆಗಳು ಅಣಬೆಯ ಹಾಗೆ ಎದ್ದದ್ದು ಆಗ. ಜನ ಊರಿಗೆ ನುಗ್ಗುತ್ತಿದ್ದರು. ರೈಲು ಬಂದು ವೇಲ್ಸ್‌ನ ಸ್ಲೇಟು ಕಲ್ಲನ್ನು ಅಗ್ಗವಾಗಿ ತಂದು ಹಾಕುತ್ತಿತ್ತು. ತೆರಿಗೆಗಳೂ ಒಂದೊಂದಾಗಿ ಬಿದ್ದುಹೋದವು. ಗಾಜಿನ ತೆರಿಗೆ 1845ರಲ್ಲಿ, ಇಟ್ಟಿಗೆ ತೆರಿಗೆ 1850ರಲ್ಲಿ, ಕಿಟಕಿ ತೆರಿಗೆ 1851ರಲ್ಲಿ. ಹೌದು, ಕಿಟಕಿಗೂ ತೆರಿಗೆ ಇತ್ತು. 1696ರಿಂದ ಒಂದೂವರೆ ಶತಮಾನ ಮನೆಯ ಕಿಟಕಿ ಎಣಿಸಿ ದುಡ್ಡು ವಸೂಲಿ ಮಾಡುತ್ತಿದ್ದರು. ಜನ ಇದ್ದ ಕಿಟಕಿಯನ್ನೇ ಇಟ್ಟಿಗೆಯಿಟ್ಟು ಮುಚ್ಚುತ್ತಿದ್ದರು. ತೆರಿಗೆ ಹೋಯಿತು, ಕಿಟಕಿ ಹಿಗ್ಗಿತು.

ಸ್ಟಾಫರ್ಡ್ ಟೆರೇಸ್ ಎದ್ದದ್ದು 1868 ಮತ್ತು 1874ರ ನಡುವೆ. ಕಟ್ಟಿಸಿದವನು ಜೋಸೆಫ್ ಗಾರ್ಡನ್ ಡೇವಿಸ್ ಎಂಬ ಬಿಲ್ಡರ್. ನೆಲ ಮಾತ್ರ ಅವನದಲ್ಲ, ಫಿಲಿಮೋರ್ ಮನೆತನದ್ದು. ಇಲ್ಲಿ ನಮ್ಮವರಿಗೆ ಗೊಂದಲವಾಗುವ ಒಂದು ಸಂಗತಿ ಇದೆ. ಲೀಸ್. ಬೆಂಗಳೂರಿನಲ್ಲಿ ಮನೆ ಲೀಸಿಗೆ ಹಾಕಿಕೊಂಡರೆ ಒಂದಿಷ್ಟು ಲಕ್ಷ ಇಡುಗಂಟು ಕೊಡುತ್ತೀರಿ, ಬಿಡುವಾಗ ಆ ಗಂಟು ವಾಪಸ್ ಬರುತ್ತೆ. ಲಂಡನ್ನಿನ ಲೀಸಿನಲ್ಲಿ ಏನೂ ವಾಪಸ್ ಬರುವುದಿಲ್ಲ. ಜಮೀನುದಾರ ಬಿಲ್ಡರ್‌ಗೆ ಜಾಗವನ್ನು ಬಹಳ ವರ್ಷಕ್ಕೆ, ಎಷ್ಟೋ ಸಲ 99 ವರ್ಷಕ್ಕೆ, ಕೊಡುತ್ತಿದ್ದ. ಬಿಲ್ಡರ್ ಸಾಲ ಮಾಡಿ ಮನೆಗಳನ್ನು ಎಬ್ಬಿಸಿ, ಉಳಿದ ವರ್ಷಗಳ ಹಕ್ಕನ್ನು ಒಬ್ಬೊಬ್ಬರಿಗೆ ಮಾರುತ್ತಿದ್ದ. ಕೊಂಡವರು ಪೂರ್ತಿ ದುಡ್ಡು ಕೊಟ್ಟ ಮೇಲೂ ವರ್ಷವರ್ಷ ನೆಲದ ಬಾಡಿಗೆ ಕಟ್ಟಬೇಕು. ಅವಧಿ ಮುಗಿದ ದಿನ ನೆಲದ ಜೊತೆ ಅದರ ಮೇಲಿನ ಮನೆಯೂ ಜಮೀನುದಾರನಿಗೆ. ಮೊಮ್ಮಕ್ಕಳ ಕಾಲಕ್ಕೆ ಬರುವ ಲಾಭಕ್ಕೆ ಅಜ್ಜ ಬೀಜ ಬಿತ್ತಿದ ಹಾಗೆ. ಅತ್ತೆ ಅಡಕೆ ತೋಟದ ಮನೆಯವರು. ಅವರಿಗೆ ಇದು ನನಗಿಂತ ಬೇಗ ಅರ್ಥವಾಯಿತು.

ಸಾಲಿನ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಇರುವುದಕ್ಕೂ ಇದೇ ಕಾರಣ. ಒಬ್ಬನೇ ಬಿಲ್ಡರ್, ಒಂದೇ ನಕ್ಷೆ, ಅಂಗಡಿಯ ಪುಸ್ತಕ ನೋಡಿ ಆರಿಸಿದ ಅದೇ ಹೂಬಳ್ಳಿ ಗಾರೆ. ಬೇರೆ ಬೇರೆಯಾಗುವುದು ಬಾಗಿಲು ದಾಟಿದ ಮೇಲೆ.

18ನೇ ನಂಬರಿನ ಮನೆಗೆ 1875ರಲ್ಲಿ ಬಂದದ್ದು ಒಂದು ಹೊಸ ಜೋಡಿ. ಲಿನ್ಲಿ ಸ್ಯಾಂಬೋರ್ನ್ ಮತ್ತು ಮಾರಿಯನ್. ಮದುವೆಯಾಗಿ ವರ್ಷವಷ್ಟೇ ಆಗಿತ್ತು. ಅವನು 'ಪಂಚ್' ಎಂಬ ಹಾಸ್ಯ ವಾರಪತ್ರಿಕೆಯ ವ್ಯಂಗ್ಯಚಿತ್ರಕಾರ. ಹೆಸರು ಗೊತ್ತಿಲ್ಲದಿದ್ದರೂ ಅವನ ಒಂದು ಚಿತ್ರ ನೀವು ನೋಡಿರುವ ಸಾಧ್ಯತೆ ಇದೆ. ಒಂದು ಕಾಲು ಆಫ್ರಿಕಾದ ದಕ್ಷಿಣ ತುದಿಯಲ್ಲಿ, ಇನ್ನೊಂದು ಕಾಲು ಉತ್ತರ ತುದಿಯಲ್ಲಿ ಊರಿ, ಕೈ ಚಾಚಿ ಟೆಲಿಗ್ರಾಫ್ ತಂತಿ ಹಿಡಿದು ನಿಂತ ಬ್ರಿಟಿಷ್ ಸಾಮ್ರಾಜ್ಯವಾದಿ ಸೆಸಿಲ್ ರೋಡ್ಸ್. 1892ರ ಚಿತ್ರ. ಸಾಮ್ರಾಜ್ಯಶಾಹಿಯ ಪಾಠ ಬಂದಲ್ಲೆಲ್ಲ ಪುಸ್ತಕಗಳಲ್ಲಿ ಅದು ಇದ್ದೇ ಇರುತ್ತೆ.

ಅಲ್ಲೇ ಹತ್ತಿರದಲ್ಲಿ ದೊಡ್ಡ ದೊಡ್ಡ ಚಿತ್ರಕಾರರು ಸ್ವಂತ ಬಂಗಲೆ ಕಟ್ಟಿಸಿಕೊಂಡಿದ್ದರು. ಫ್ರೆಡರಿಕ್ ಲೇಟನ್ನನ ಮನೆಯಂತೂ ಅರಬ್ ಟೈಲ್ಸು, ಗುಮ್ಮಟ ಎಲ್ಲ ಇರುವ ಅರಮನೆ. ವಾರದ ಪತ್ರಿಕೆಗೆ ಗೀಚುವವನಿಗೆ ಅಷ್ಟು ದುಡ್ಡೆಲ್ಲಿ? ಆದರೆ ಆಸೆ ಅಷ್ಟೇ ಇತ್ತು. ಬಿಲ್ಡರ್ ಕಟ್ಟಿದ ಸಾಲುಮನೆಯೊಳಗೇ ಕಲಾವಿದನ ಮನೆ ಮಾಡಲು ಹೊರಟ. ಈ ಮನೆಯ ರುಚಿ ಇರುವುದೇ ಅಲ್ಲಿ. ಲೇಟನ್ನನ ಮನೆ ನೋಡಿದರೆ ಬೆರಗಾಗುತ್ತೆ. ಸ್ಯಾಂಬೋರ್ನ್ ಮನೆ ನೋಡಿದರೆ ಪರಿಚಯದವರ ಮನೆಗೆ ಹೋದ ಹಾಗಾಗುತ್ತೆ.

ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಮೊದಲು ಅನಿಸುವುದು ಕತ್ತಲೆ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅರ್ಧ ಕತ್ತಲೆ ಆ ಕಾಲದ್ದು. ಎರಡು ಪಕ್ಕವೂ ಪಾಲಿನ ಗೋಡೆ, ಹಾಗಾಗಿ ಬೆಳಕು ಮುಂದಿನಿಂದ ಮತ್ತು ಹಿಂದಿನಿಂದ ಮಾತ್ರ. ನಮ್ಮ ತೊಟ್ಟಿಮನೆಯಲ್ಲಿ ನಡುವೆ ಆಕಾಶ ಬಿಟ್ಟು ಆ ಸಮಸ್ಯೆ ಬಿಡಿಸಿಕೊಂಡಿದ್ದಾರೆ. ಇಲ್ಲಿ ಆ ಜಾಗದಲ್ಲಿ ಮೆಟ್ಟಿಲು. ಉಳಿದರ್ಧ ಕತ್ತಲೆ ಈಗಿನವರು ಮಾಡಿದ್ದು. ಬಿಸಿಲು ಬಿದ್ದರೆ ಹಳೇ ಬಟ್ಟೆ, ಕಾಗದ, ಬಣ್ಣ ಎಲ್ಲ ಮಾಸುತ್ತೆ. ಮಾಸಿದ್ದು ಮತ್ತೆ ಬರುವುದಿಲ್ಲ. ಅದಕ್ಕೇ ಇಂಥ ಮನೆಗಳಲ್ಲಿ ಪರದೆ ಇಳಿಸಿಯೇ ಇಡುತ್ತಾರೆ.

ಕತ್ತಲೆ ತಿಳಿಯಾದ ಮೇಲೆ ಸಾಮಾನು ಕಾಣುತ್ತೆ. ದೇವರೇ, ಎಷ್ಟು ಸಾಮಾನು! ಗೋಡೆ ತುಂಬ ಚೌಕಟ್ಟು, ಚೌಕಟ್ಟಿಗೆ ಚೌಕಟ್ಟು ತಾಗಿಕೊಂಡು. ಗೋಡೆಯ ಮೇಲ್ಪಟ್ಟಿಯ ಮೇಲೆ ನೀಲಿ-ಬಿಳಿ ಪಿಂಗಾಣಿ ತಟ್ಟೆಗಳ ಸಾಲು. ಕುರ್ಚಿ, ಸ್ಟೂಲು, ಗಡಿಯಾರ, ಹೂದಾನಿ. ಕಿಟಕಿಗೆ ಬಣ್ಣದ ಗಾಜು. ಊಟದ ಕೋಣೆಯಲ್ಲಿ ಒಂದು ನಿಮಿಷ ನಿಂತು ಸುತ್ತ ನೋಡಿದ ಅತ್ತೆ ಮೆಲ್ಲಗೆ ನನ್ನ ಕಿವಿಯಲ್ಲಿ ಕೇಳಿದರು. "ಅಲ್ವೇನೇ, ಇದನ್ನೆಲ್ಲ ಒರೆಸೋರು ಯಾರು?"

ಈ ಪ್ರಶ್ನೆ ಹಿಡಿದುಕೊಂಡು ಮನೆ ಸುತ್ತಿದರೆ ಎಲ್ಲ ಬೇರೆಯಾಗಿ ಕಾಣುತ್ತೆ. ಗೈಡ್ ಪುಸ್ತಕಗಳು ಮನೆಯನ್ನು ಬೀದಿ ಬಾಗಿಲಿನಿಂದ ಶುರುಮಾಡುತ್ತವೆ. ನನ್ನ ಪ್ರಕಾರ ಶುರುಮಾಡಬೇಕಾದದ್ದು ಫುಟ್‌ಪಾತಿನ ಕೆಳಗಿನಿಂದ.

ಲಂಡನ್ನಿನ ಹಳೇ ಬೀದಿಗಳಲ್ಲಿ ನಡೆಯುವಾಗ ಫುಟ್‌ಪಾತಿನಲ್ಲಿ ಊಟದ ತಟ್ಟೆಯಷ್ಟಗಲದ ಗುಂಡು ಕಬ್ಬಿಣದ ಮುಚ್ಚಳಗಳು ಕಾಲಿಗೆ ಸಿಗುತ್ತವೆ. ಅವು ಚರಂಡಿಯವಲ್ಲ. ಕಲ್ಲಿದ್ದಲಿನ ಬಾಯಿ. ಫುಟ್‌ಪಾತಿನ ಕೆಳಗೆ ಮನೆಗೆ ಸೇರಿದ ಒಂದು ಕಮಾನಿನ ಗೂಡು ಇರುತ್ತಿತ್ತು. ಗಾಡಿಯವನು ಬಂದು ಮುಚ್ಚಳ ತೆಗೆದು ಮೂಟೆ ಮೂಟೆ ಕಲ್ಲಿದ್ದಲನ್ನು ಸುರಿದು ಹೋಗುತ್ತಿದ್ದ. ಅವನು ಮನೆಯೊಳಗೆ ಬರುವ ಪ್ರಶ್ನೆಯೇ ಇಲ್ಲ. ಮಸಿಯ ಒಂದು ಕಣವೂ ಹಜಾರಕ್ಕೆ ಬೀಳುವುದಿಲ್ಲ. ಕಳ್ಳರು ತೆಗೆಯದಂತೆ ಮುಚ್ಚಳಕ್ಕೆ ಒಳಗಿನಿಂದ ಸರಪಳಿ. ಮುಚ್ಚಳ ಚಿಕ್ಕದಾಗಿರುವುದೂ ಅದಕ್ಕೇ. ಸಣ್ಣ ಹುಡುಗನೂ ತೂರಬಾರದು.

ಆ ಗೂಡಿನ ಎದುರಿಗೇ ಬೇಸ್‌ಮೆಂಟಿನ ಅಡುಗೆಮನೆ. ರಸ್ತೆ ಮಟ್ಟಕ್ಕಿಂತ ಕೆಳಗೆ, ಮುಂದೊಂದು ತಗ್ಗಿನ ಅಂಗಳ. ಕೆಲಸದವರು, ಹಾಲಿನವನು, ಮಾಂಸದವನು ಎಲ್ಲ ಆ ತಗ್ಗಿನ ಮೆಟ್ಟಿಲು ಇಳಿದು ಬರಬೇಕು. ಮೇಲಿನ ಬಾಗಿಲು ಯಜಮಾನರಿಗೆ ಮತ್ತು ಅತಿಥಿಗಳಿಗೆ. ಒಂದೇ ಮನೆಗೆ ಎರಡು ಬಾಗಿಲು, ಒಂದರ ಕೆಳಗೊಂದು. ತಳ ಅಗೆದ ಮಣ್ಣನ್ನು ಎಷ್ಟೋ ಕಡೆ ರಸ್ತೆ ಏರಿಸಲು ಬಳಸುತ್ತಿದ್ದರು. ಅದಕ್ಕೇ ಮುಂದಿನಿಂದ ನೋಡಿದರೆ ನೆಲದ ಕೆಳಗಿರುವ ಕೋಣೆ, ಹಿತ್ತಲಿಗೆ ಹೋಗಿ ನೋಡಿದರೆ ನೆಲಮಟ್ಟದಲ್ಲೇ ಇರುತ್ತೆ.

ಈಗ ಲೆಕ್ಕ ಹಾಕಿ. ಕಲ್ಲಿದ್ದಲು ತಳದಲ್ಲಿ. ಅಗ್ಗಿಷ್ಟಿಕೆ ಪ್ರತಿ ಮಹಡಿಯಲ್ಲಿ. ಲಿಫ್ಟ್ ಇಲ್ಲ. ತುಂಬಿದ ಒಂದು ಕಲ್ಲಿದ್ದಲ ಬಕೆಟ್ಟು ಹತ್ತು ಕಿಲೋ ಆಸುಪಾಸು. ಅದನ್ನು ಹೊತ್ತು ಹತ್ತಬೇಕು. ಬೆಳಿಗ್ಗೆ ಮನೆಯವರು ಏಳುವ ಮುಂಚೆ ಹಿಂದಿನ ರಾತ್ರಿಯ ಬೂದಿ ಬಳಿದು ಕೆಳಗಿಳಿಸಬೇಕು. ಮುಖ ತೊಳೆಯಲು ಬಿಸಿನೀರಿನ ಹೂಜಿ ಮೇಲೆ. ಬಳಸಿದ ನೀರು ಕೆಳಗೆ. ಬೆಳಗಿನ ತಿಂಡಿ ಮೇಲೆ, ಎಂಜಲು ತಟ್ಟೆ ಕೆಳಗೆ. ಮಕ್ಕಳ ಊಟ ಇನ್ನೂ ಮೇಲೆ. ಟೆರೇಸ್ ಮನೆ ಸಪೂರ ಆದಷ್ಟೂ ಮೆಟ್ಟಿಲು ಜಾಸ್ತಿ, ಮೆಟ್ಟಿಲು ಜಾಸ್ತಿ ಆದಷ್ಟೂ ಕಾಲು ಜಾಸ್ತಿ ಬೇಕು. ಆ ಕಾಲುಗಳು ಎಷ್ಟಿದ್ದವು? 1881ರ ಜನಗಣತಿ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಹೆಂಗಸರು ಮನೆಗೆಲಸದಲ್ಲಿದ್ದರು. ಹೆಂಗಸರಿಗೆ ಅದಕ್ಕಿಂತ ದೊಡ್ಡ ಉದ್ಯೋಗ ಬೇರೆ ಇರಲಿಲ್ಲ. ಸ್ಯಾಂಬೋರ್ನ್ ಮನೆಯಲ್ಲೂ ಅಡುಗೆಯವಳು, ಬಡಿಸುವವಳು, ಕಸ-ಮುಸುರೆಯವಳು, ಮಕ್ಕಳು ಚಿಕ್ಕವರಿದ್ದಾಗ ಆಯಾ, ಜೊತೆಗೆ ಕುದುರೆ ನೋಡಿಕೊಳ್ಳುವವನು ಇದ್ದರು. ಶ್ರೀಮಂತರೆಂದಲ್ಲ. ಆ ಕಾಲದ ಮಧ್ಯಮ ವರ್ಗದ ಮೇಲ್ತುದಿಯಲ್ಲಿ ಇದು ಮಾಮೂಲು.

ಅವರನ್ನು ಕರೆಯುವ ಏರ್ಪಾಡು ಅಂಥ ಮನೆಗಳ ಜಾಣ್ಮೆಗಳಲ್ಲೊಂದು. ಅಗ್ಗಿಷ್ಟಿಕೆಯ ಪಕ್ಕ ಒಂದು ಹಿಡಿ. ಅದನ್ನು ಎಳೆದರೆ ಗೋಡೆಯೊಳಗೆ ಹುದುಗಿದ ತಂತಿ ಜಗ್ಗುತ್ತೆ. ಮೂಲೆ ಬಂದಲ್ಲಿ ತಂತಿ ತಿರುಗಲು ಪುಟ್ಟ ಲೋಹದ ಲಿವರ್. ಕೊನೆಗೆ ಬೇಸ್‌ಮೆಂಟಿನ ಗೋಡೆಯಲ್ಲಿ ಸಾಲಾಗಿ ತೂಗಿದ ಗಂಟೆಗಳಲ್ಲೊಂದು ಅಲ್ಲಾಡುತ್ತೆ. ಗಂಟೆ ಸುರುಳಿ ಪಟ್ಟಿಗೆ ಕಟ್ಟಿರುವುದರಿಂದ ಸದ್ದು ನಿಂತ ಮೇಲೂ ಸ್ವಲ್ಪ ಹೊತ್ತು ತೊನೆಯುತ್ತಿರುತ್ತೆ. ಕೈ ತೊಳೆದು ಓಡಿಬಂದವಳಿಗೆ ಯಾವ ಕೋಣೆಯವರು ಕರೆದರು ಅಂತ ಅದನ್ನು ನೋಡಿಯೇ ತಿಳಿಯಬೇಕು.

ಮೊದಲ ಮಹಡಿಗೆ ಬಂದರೆ ಡ್ರಾಯಿಂಗ್ ರೂಮ್. ಚಿತ್ರ ಬಿಡಿಸುವ ಕೋಣೆ ಅಂತ ಚಿಕ್ಕವಳಿದ್ದಾಗ ನಾನು ನಂಬಿದ್ದೆ. ಅಲ್ಲ. ಊಟ ಮುಗಿದ ಮೇಲೆ ಹೆಂಗಸರು ಗಂಡಸರನ್ನು ಬಿಟ್ಟು ಎದ್ದುಹೋಗಿ ಕೂರುವ ಕೋಣೆ ಅದು. 'ಹಿಂದೆ ಸರಿಯುವುದು' ಎಂಬರ್ಥದ ಉದ್ದ ಪದ ಮೊಟಕಾಗಿ ಹೀಗಾಗಿದೆ. ತಮಾಷೆಯೆಂದರೆ ಸ್ಯಾಂಬೋರ್ನ್ ಬಹಳ ವರ್ಷ ನಿಜವಾಗಿಯೂ ಈ ಕೋಣೆಯ ಒಂದು ತುದಿಯಲ್ಲೇ ಚಿತ್ರ ಬಿಡಿಸುತ್ತಿದ್ದ! ಹಾಗಾಗಿ ಇಲ್ಲಿ ನನ್ನ ತಪ್ಪು ಅರ್ಥವೂ ಸರಿಯೇ.

ಇಲ್ಲಿನ ಗೋಡೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲು ಮನೆಯಲ್ಲಿ ಆ ಕಾಲದ ಹೆಸರಾಂತ ವಿನ್ಯಾಸಕಾರ ವಿಲಿಯಂ ಮಾರಿಸ್‌ನ ಕಂಪನಿಯ ಗೋಡೆಕಾಗದ ಅಂಟಿಸಿದ್ದರು. ದಾಳಿಂಬೆ, ಎಲೆ, ಬಳ್ಳಿ. ಆಮೇಲೆ ಡ್ರಾಯಿಂಗ್ ರೂಮಿಗೆ ಇನ್ನೂ ಜೋರಾಗಿರಲಿ ಅಂತ ಚಿನ್ನದ ಛಾಯೆಯ, ಚರ್ಮದ ಹಾಗೆ ಉಬ್ಬು ಚಿತ್ತಾರವಿರುವ ದುಬಾರಿ ಕಾಗದ ತಂದರು. ಗೋಡೆ ತುಂಬ ಹೇಗೂ ಚಿತ್ರಗಳಿವೆ. ಚಿತ್ರದ ಹಿಂದೆ ಯಾರು ನೋಡುತ್ತಾರೆ? ಕಣ್ಣಿಗೆ ಬೀಳುವಲ್ಲಿ ಮಾತ್ರ ಹೊಸ ಕಾಗದ, ಚೌಕಟ್ಟಿನ ಹಿಂದೆ ಹಳೆಯದೇ. ಇದನ್ನು ಕೇಳಿ ಅತ್ತೆಗೆ ಸ್ಯಾಂಬೋರ್ನ್ ಮೇಲೆ ಮೊದಲ ಸಲ ಪ್ರೀತಿ ಬಂತು. "ನಮ್ಮನೇಲೂ ಬೀರು ಹಿಂದೆ ಬಣ್ಣ ಹೊಡೆಸಿಲ್ಲ" ಎಂದರು.

ಗೋಡೆಯ ಮೇಲಿನ ದೊಡ್ಡ ದೊಡ್ಡ ಚಿತ್ರಗಳಲ್ಲೂ ಅದೇ ಲೆಕ್ಕಾಚಾರ. ಎಷ್ಟೋ ಹಳೇ ಮೇರುಕೃತಿಗಳ ಫೋಟೋ ಪ್ರತಿಗಳು. ಜೊತೆಗೆ ತಾನೇ ಬಿಡಿಸಿದವು, ಗೆಳೆಯರು ಬಿಡಿಸಿದವು. ಅಸಲಿ ಕೊಳ್ಳಲು ಆಗದವನು ಚೌಕಟ್ಟು ಚೆನ್ನಾಗಿ ಹಾಕಿಸಿದ್ದಾನೆ.

ಗೋಡೆಕಾಗದದ ಬಗ್ಗೆ ಇನ್ನೊಂದು ಮಾತು. ಆ ಕಾಲದ ಎಷ್ಟೋ ಹಸಿರು ಬಣ್ಣಗಳಲ್ಲಿ ಆರ್ಸೆನಿಕ್ ಇರುತ್ತಿತ್ತು. ಅಂದರೆ ಪಾಷಾಣ. ಮಾರಿಸ್ಸನ ಮೊದಮೊದಲ ಕಾಗದಗಳೂ ಇದಕ್ಕೆ ಹೊರತಲ್ಲ. ಅವನ ಕುಟುಂಬದ ದುಡ್ಡು ಬಂದದ್ದು ಡೆವನ್‌ನ ಒಂದು ತಾಮ್ರದ ಗಣಿಯಿಂದ. ಆ ಗಣಿ ಮುಂದೆ ಆರ್ಸೆನಿಕ್ ತೆಗೆಯುವುದರಲ್ಲೇ ಹೆಸರುವಾಸಿಯಾಯಿತು. ಕೈಕಸುಬಿನ ಚೆಲುವು, ದುಡಿಯುವವನ ಘನತೆ ಎಂದೆಲ್ಲ ಹೇಳಿದ ಮನುಷ್ಯನ ಬಂಡವಾಳ ಅದು. ನನಗೆ ಅವನ ಚಿತ್ತಾರಗಳು ಇಷ್ಟ. ಆದರೂ ಹಸಿರು ಎಲೆ ಕಂಡಾಗ ಈ ಗಣಿ ನೆನಪಾಗದೆ ಇರುವುದಿಲ್ಲ.

ಕಿಟಕಿಯ ಕೆಲಸವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇಂಗ್ಲಿಷ್ ಮನೆಯಲ್ಲಿ ನನಗೆ ಅತಿ ಹಿಡಿಸಿದ ಯಂತ್ರ ಅದು. ಸ್ಯಾಶ್ ಕಿಟಕಿಗೆ ಕದ ಹೊರಗೂ ತೆರೆಯುವುದಿಲ್ಲ, ಒಳಗೂ ತೆರೆಯುವುದಿಲ್ಲ. ಎರಡು ಗಾಜಿನ ಚೌಕಟ್ಟು ಒಂದರ ಹಿಂದೊಂದು ಮೇಲೆ ಕೆಳಗೆ ಜಾರುತ್ತವೆ. ಅಷ್ಟು ಭಾರದ ಗಾಜು ಎತ್ತಿದಲ್ಲೇ ನಿಲ್ಲುವುದು ಹೇಗೆ? ಪಕ್ಕದ ಮರದ ಚೌಕಟ್ಟು ಒಳಗೆ ಪೊಳ್ಳು. ಅದರಲ್ಲಿ ಗಾಜಿನಷ್ಟೇ ತೂಕದ ಕಬ್ಬಿಣದ ಗುಂಡು ನೇತಾಡುತ್ತಿರುತ್ತೆ. ಹಗ್ಗ ಮೇಲಿನ ರಾಟೆ ಸುತ್ತಿ ಬಂದು ಕಿಟಕಿಗೆ ಕಟ್ಟಿರುತ್ತೆ. ಬಾವಿಯ ರಾಟೆಯೇ, ಬಿಂದಿಗೆಯ ಬದಲು ಗಾಜು. ಮೇಲಿನದನ್ನು ಸ್ವಲ್ಪ ಇಳಿಸಿ, ಕೆಳಗಿನದನ್ನು ಸ್ವಲ್ಪ ಎತ್ತಿದರೆ ಬಿಸಿಗಾಳಿ ಮೇಲಿನಿಂದ ಹೊರಗೆ, ತಂಪುಗಾಳಿ ಕೆಳಗಿನಿಂದ ಒಳಗೆ. ಗ್ಯಾಸ್ ದೀಪ ಉರಿಯುವ ಕೋಣೆಗೆ ಇದು ಬೇಕೇ ಬೇಕಿತ್ತು.

ಮೆಟ್ಟಿಲ ತಿರುವಿನಲ್ಲಿ ಕಿಟಕಿಯಾಚೆ ಒಂದು ಗಾಜಿನ ಪೆಟ್ಟಿಗೆ, ಒಳಗೆ ಜರೀಗಿಡ. ಕಲ್ಲಿದ್ದಲ ಹೊಗೆಯ ಊರಲ್ಲಿ ಹಸಿರು ಬದುಕಿಸಲು ವಿಕ್ಟೋರಿಯನ್ನರು ಕಂಡುಕೊಂಡ ದಾರಿ. ಮಲೆನಾಡಿನವರಿಗೆ ಜರೀಗಿಡವನ್ನು ಪೆಟ್ಟಿಗೆಯಲ್ಲಿಟ್ಟು ತೋರಿಸಿದರೆ ಹೇಗಾಗಬೇಡ! ಅತ್ತೆ ಏನೂ ಹೇಳಲಿಲ್ಲ. ನಕ್ಕರು.

ಎರಡನೇ ಮಹಡಿಯಲ್ಲಿ ಮಲಗುವ ಕೋಣೆಗಳು, ಮತ್ತು ಈ ಮನೆಯ ಅತಿ ವಿಚಿತ್ರ ಜಾಗ, ಬಚ್ಚಲು. ಪಂಚ್ ಪತ್ರಿಕೆಯವರು ಬುಧವಾರ ರಾತ್ರಿ ಊಟಕ್ಕೆ ಸೇರಿ ಮುಂದಿನ ಸಂಚಿಕೆಯ ದೊಡ್ಡ ಚಿತ್ರಕ್ಕೆ ವಿಷಯ ಗೊತ್ತುಮಾಡುತ್ತಿದ್ದರು. ಆಮೇಲೆ ಚಿತ್ರಕ್ಕೆ ಸಿಗುತ್ತಿದ್ದ ಟೈಮು ಬಹಳ ಕಮ್ಮಿ. ನೋಡಿ ಬಿಡಿಸಲು ಮಾಡೆಲ್‌ಗಳನ್ನು ಎಲ್ಲಿಂದ ತರುವುದು? ಸ್ಯಾಂಬೋರ್ನ್ ಕ್ಯಾಮೆರಾ ಹಿಡಿದ. ಹೆಂಡತಿ, ಮಕ್ಕಳು, ಕೆಲಸದವರು, ಕುದುರೆಯವನು, ತಾನೂ. ಎಲ್ಲರಿಗೂ ವೇಷ ಹಾಕಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ. ಪ್ರತಿ ಮಾಡುವುದು ಸಯನೋಟೈಪ್ ವಿಧಾನದಲ್ಲಿ. ಕಬ್ಬಿಣದ ಲವಣ ಸವರಿದ ಕಾಗದದ ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿದರೆ, ಬೆಳಕು ತಾಗಿದಲ್ಲಿ ನೀಲಿಯಾಗುತ್ತೆ. ಆಮೇಲೆ ಬರೀ ನೀರಲ್ಲಿ ತೊಳೆದರೆ ಸಾಕು. ಅಗ್ಗ, ಬೇಗ. ತೊಳೆಯಲು ಮನೆಯ ಸ್ನಾನದ ತೊಟ್ಟಿಯೇ ಇತ್ತು. ಸಾವಿರಾರು ಫೋಟೋ ಉಳಿದಿವೆ. ಅವುಗಳಲ್ಲಿ ಬಟ್ಟೆಯಿಲ್ಲದ ಮಾಡೆಲ್‌ಗಳೂ ಇದ್ದಾರೆ, ಬೀದಿಯಲ್ಲಿ ಅವರಿಗೆ ಗೊತ್ತಾಗದ ಹಾಗೆ ತೆಗೆದ ಹುಡುಗಿಯರೂ ಇದ್ದಾರೆ. ಇದನ್ನು ಕಲಾವಿದನ ಹುಚ್ಚು ಎಂದು ಕೆಲವರು ತೇಲಿಸುತ್ತಾರೆ. ನನಗೆ ತೇಲಿಸಲು ಆಗಲಿಲ್ಲ.

ತುದಿಯ ಮಹಡಿ. ಮೊದಲು ಮಕ್ಕಳ ಕೋಣೆ, ಮಕ್ಕಳು ಬೆಳೆದ ಮೇಲೆ ಸ್ಯಾಂಬೋರ್ನ್‌ನ ಸ್ಟುಡಿಯೋ. ಕೆಲಸದ ಹುಡುಗಿ ಮಲಗುತ್ತಿದ್ದದ್ದೂ ಅದೇ ಎತ್ತರದಲ್ಲಿ. ತಳದಲ್ಲಿ ದುಡಿಮೆ, ತುದಿಯಲ್ಲಿ ನಿದ್ದೆ, ನಡುವಿನ ಮಹಡಿಗಳೆಲ್ಲ ಬೇರೆಯವರವು. ಅತ್ತೆ ಅಲ್ಲಿಗೆ ಹತ್ತುವಷ್ಟರಲ್ಲಿ ಎರಡು ಸಲ ನಿಂತು ಸುಧಾರಿಸಿಕೊಂಡರು. ಬರೀ ಕೈಯಲ್ಲಿ.

ಮಾರಿಯನ್ 1881ರಿಂದ ದಿನಚರಿ ಬರೆದಳು. ಏನು ಅಡುಗೆ, ಯಾರು ಬಂದರು, ಯಾರಿಗೆ ಜ್ವರ, ಕೆಲಸದವರ ತಾಪತ್ರಯ. ಈ ಮನೆಯ ದಿನನಿತ್ಯದ ಬದುಕು ಇಷ್ಟು ಚೆನ್ನಾಗಿ ಗೊತ್ತಿರುವುದು ಅದರಿಂದ. ಅಡುಗೆಮನೆಯವರು ಬರೆದ ದಿನಚರಿ ಇದ್ದಿದ್ದರೆ ಎಂದು ಓದುವಾಗ ಅನಿಸುತ್ತೆ.

ಇಷ್ಟೆಲ್ಲ ಹೇಗೆ ಉಳಿಯಿತು? ಯಾರೂ ಉಳಿಸಬೇಕು ಅಂತ ಶುರುಮಾಡಲಿಲ್ಲ. 1910ರಲ್ಲಿ ಸ್ಯಾಂಬೋರ್ನ್ ತೀರಿಕೊಂಡ, 1914ರಲ್ಲಿ ಮಾರಿಯನ್. ಮಗ ರಾಯ್ ಮದುವೆಯಾಗಲಿಲ್ಲ. ಅಪ್ಪ-ಅಮ್ಮನ ಮನೆಯಲ್ಲಿ ಹೆಚ್ಚೇನೂ ಬದಲಾಯಿಸದೆ 1946ರಲ್ಲಿ ಸಾಯುವವರೆಗೂ ಇದ್ದ. ನಮ್ಮೂರಲ್ಲೂ ಇಂಥ ಒಬ್ಬ ಚಿಕ್ಕಪ್ಪ ಇರುತ್ತಾರಲ್ಲ, ಅಜ್ಜನ ಆರಾಮಕುರ್ಚಿಯನ್ನೂ ಸರಿಸದವರು, ಹಾಗೆ. ಆಮೇಲೆ ಅವನ ಅಕ್ಕ ಮಾಡ್ ಎಂಬವಳು ಮನೆ ನೋಡಿಕೊಂಡಳು. ಅವಳ ನಂತರ ಅವಳ ಮಗಳು ಆನ್, ರೋಸ್‌ನ ಕೌಂಟೆಸ್.

ಆಗಿನ್ನೂ ವಿಕ್ಟೋರಿಯನ್ ಅಂದರೆ ಜನ ಮೂಗು ಮುರಿಯುತ್ತಿದ್ದರು. ಕತ್ತಲೆ, ಧೂಳು, ಅತಿ ಅಲಂಕಾರ. ಕೆಡವಿ ಹೊಸದು ಕಟ್ಟಿ ಎಂಬ ಗಾಳಿ ಬೀಸುತ್ತಿತ್ತು. ಸಾಲು ಸಾಲು ಟೆರೇಸುಗಳು ನೆಲಸಮವಾದವು. ಅಂಥ ಹೊತ್ತಲ್ಲಿ, 1957ರ ನವೆಂಬರ್ 5ರಂದು, ಆನ್ ಈ ಮನೆಗೇ ಕೆಲವರನ್ನು ಕರೆದು ಮಾತಿಗೆ ಕೂರಿಸಿದಳು. ಮರುವರ್ಷ, ಆ ಕಾಲದ ಕಟ್ಟಡಗಳನ್ನು ಉಳಿಸಲು, ವಿಕ್ಟೋರಿಯನ್ ಸೊಸೈಟಿ ಹುಟ್ಟಿತು. ಕವಿ ಜಾನ್ ಬೆಟ್ಜಮನ್, ಕಟ್ಟಡಗಳ ಇತಿಹಾಸಕಾರ ನಿಕೊಲಾಸ್ ಪೆವ್ಸ್‌ನರ್ ಅದರ ಮೊದಲಿಗರಲ್ಲಿ ಇದ್ದರು. ಮೊದಮೊದಲು ಸೋಲೇ. ಯೂಸ್ಟನ್ ಸ್ಟೇಶನ್ನಿನ ಹೆಬ್ಬಾಗಿಲ ಕಮಾನು ಉಳಿಸಲು ಹೋರಾಡಿದರು, ಅದು 1961ರಲ್ಲಿ ಉರುಳಿತು. ಹತ್ತಿರದ ಸೇಂಟ್ ಪ್ಯಾಂಕ್ರಸ್ ಸ್ಟೇಶನ್ ಮಾತ್ರ 1967ರಲ್ಲಿ ರಕ್ಷಣೆಯ ಪಟ್ಟಿಗೆ ಸೇರಿ ಬದುಕಿತು. ಸ್ಟಾಫರ್ಡ್ ಟೆರೇಸಿನ ಮನೆ 1980ರಲ್ಲಿ ಆಗಿನ ನಗರಾಡಳಿತ ಗ್ರೇಟರ್ ಲಂಡನ್ ಕೌನ್ಸಿಲ್ ಕೈಗೆ ಬಂದು ಸಾರ್ವಜನಿಕರಿಗೆ ತೆರೆಯಿತು. ಈಗ ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಪಾಲಿಕೆಯದು.

ಕೆಡವಬೇಕೆಂದಿದ್ದ ಜಾತಿಯ ಮನೆಗಳಲ್ಲೇ ಇವತ್ತು ಲಂಡನ್ನಿನ ಬಹಳ ಜನ ಇದ್ದಾರೆ. ನಾವೂ ಪೂರ್ವ ಲಂಡನ್ನಿನಲ್ಲಿ ಇಂಥದೇ ಒಂದು ಪುಟ್ಟ ಸಾಲುಮನೆಯಲ್ಲಿದ್ದೇವೆ. 1890ರ ದಶಕದ್ದು, ಬೇಸ್‌ಮೆಂಟ್ ಇಲ್ಲ, ಎರಡೇ ಮಹಡಿ. ಹೋದ ವರ್ಷ ಮುಂದಿನ ಗೋಡೆ ಒದ್ದೆಯಾಯಿತು ಅಂತ ಒಬ್ಬ ಗಾರೆಯವನನ್ನು ಕರೆಸಿದೆವು. ಚೆನ್ನಾಗಿ ಸಿಮೆಂಟು ಮೆತ್ತಿಹೋದ. ಒದ್ದೆ ಇಮ್ಮಡಿಯಾಯಿತು. ಆಮೇಲೆ ತಿಳಿದವರು ವಿವರಿಸಿದರು. ಈ ಇಟ್ಟಿಗೆ ನೀರು ಕುಡಿಯುತ್ತೆ. ಕುಡಿದದ್ದನ್ನು ಸುಣ್ಣದ ಗಾರೆಯ ಮೂಲಕ ಮತ್ತೆ ಗಾಳಿಗೆ ಬಿಡುತ್ತೆ. ಸಿಮೆಂಟು ಹಾಕಿ ಆ ದಾರಿ ಮುಚ್ಚಿದರೆ ನೀರು ಒಳಗೇ ಸಿಕ್ಕಿಬೀಳುತ್ತೆ. ಗೋಡೆಯ ಬುಡದಲ್ಲಿ ತೂತಿರುವ ಇಟ್ಟಿಗೆಗಳೂ ಇದಕ್ಕೇ ಇರುವುದು. ನೆಲ ಮರದ ಹಲಗೆಯದು, ಅಡಿಯಲ್ಲಿ ಪೊಳ್ಳು, ಅಲ್ಲಿ ಗಾಳಿ ಆಡಬೇಕು. ಚಳಿ ಬರುತ್ತೆ ಅಂತ ತೂತು ಮುಚ್ಚಿದರೆ ಹಲಗೆ ಕೊಳೆಯುತ್ತೆ. ಹಳೇ ಮನೆಯನ್ನು ಓದಲು ಬಾರದೆ ರಿಪೇರಿಗೆ ಇಳಿದರೆ ಜೇಬಿಗೇ ಕತ್ತರಿ.

ಸಂಜೆ ವಾಪಸ್ ಬರುವಾಗ ಬಸ್ಸಿನ ಮೇಲಂತಸ್ತಿನಲ್ಲಿ, ಮುಂದಿನ ಸೀಟಿನಲ್ಲಿ ಕೂತೆವು. ಮನೆಗಳ ಮಾಡು ಕಣ್ಣಮಟ್ಟಕ್ಕೆ ಬಂದಿತ್ತು. ಅತ್ತೆ ಗಾಜಿಗೆ ಬೆರಳಿಟ್ಟು ಚಿಮಣಿಯ ಕೊಳವೆ ಎಣಿಸುತ್ತಿದ್ದರು. ಸಿ‌ಗ್ನಲ್ಲಿನಲ್ಲಿ ಬಸ್ಸು ನಿಂತಾಗ ಒಂದು ಮನೆಯ ಲೆಕ್ಕ ಪೂರ್ತಿ ಸಿಕ್ಕಿತು.

"ಇಲ್ಲಿ ಎಂಟು ಒಲೆ ಕಣೇ" ಎಂದರು. ಆಮೇಲೆ ಕಿಟಕಿಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. "ನಾಲ್ಕು ಮಹಡಿ. ಪಾಪ."